ಅನರ್ಹ ಕಂಪ್ಯೂಟರುಗಳ ಉಪಚುನಾವಣೆ

ಕೋರ್ ಐ7-7700ಕೆ ಎಂಬ ಪ್ರೊಸೆಸರ್ 2017ರ ಜನವರಿಯಲ್ಲಿ ಬಂದಾಗ ಅದನ್ನು ಕೊಂಡವರು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ನಾಲ್ಕು ಕೋರ್, ಎಂಟು ಥ್ರೆಡ್, 4.2 ಗಿಗಾಹರ್ಟ್ಸ್. ಅದೇ ವರ್ಷದ ಕೊನೆಗೆ ಅಗ್ಗದ ಲ್ಯಾಪ್‌ಟಾಪುಗಳಿಗೆಂದು ಬಂದದ್ದು ಸೆಲೆರಾನ್ ಎನ್4000. ಎರಡು ಕೋರ್, 1.1 ಗಿಗಾಹರ್ಟ್ಸ್, ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುವ ಜೀವ. ಇವೆರಡರಲ್ಲಿ ವಿಂಡೋಸ್ 11ಕ್ಕೆ ಯಾವುದು ಅರ್ಹ? ಸೆಲೆರಾನ್. ಇಂಟೆಲ್ ಆದರೆ ಎಂಟನೇ ಪೀಳಿಗೆ, ಎಎಂಡಿ ಆದರೆ ಹೆಚ್ಚುಕಡಿಮೆ ರೈಜೆನ್ 2000, ಅದಕ್ಕಿಂತ ಹಿರಿಯರು ಬಾಗಿಲಾಚೆ. ಏಳನೇ ಪೀಳಿಗೆಯಲ್ಲೂ ಬೆರಳೆಣಿಕೆಯ ಚಿಪ್ಪುಗಳಿಗೆ ವಿನಾಯಿತಿ ಸಿಕ್ಕಿತು. ಅದರಲ್ಲಿ ಒಂದು ಐ7-7820ಎಚ್‌ಕ್ಯೂ. ಅದು ಕೂತಿದ್ದದ್ದು ಮೈಕ್ರೋಸಾಫ್ಟ್ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2ರ ಹೊಟ್ಟೆಯಲ್ಲಿ. ಕಾಕತಾಳೀಯವೇ ಇರಬೇಕು, ಪಾಪ.

ವಿಂಡೋಸ್ 10ನ್ನೇ ಕೊನೆಯ ವಿಂಡೋಸ್ ಎಂದು 2015ರ ಸಮ್ಮೇಳನವೊಂದರಲ್ಲಿ ಆ ಕಂಪನಿಯ ಉದ್ಯೋಗಿಯೊಬ್ಬರು ಹೇಳಿದ್ದರು. ಆರೇ ವರ್ಷಕ್ಕೆ 11 ಬಂತು. 2025ರ ಅಕ್ಟೋಬರ್ 14ಕ್ಕೆ 10ರ ಉಚಿತ ಭದ್ರತಾ ಅಪ್‌ಡೇಟುಗಳು ನಿಂತವು. ಆ ಮಾತು ಪೂರ್ತಿ ಸುಳ್ಳೇನಲ್ಲ ಬಿಡಿ. ಎಷ್ಟೋ ಕಂಪ್ಯೂಟರುಗಳ ಪಾಲಿಗೆ ಅದೇ ಕೊನೆಯದಾಯಿತು.

ಇನ್ನೂ ಚೋದ್ಯವೆಂದರೆ, ಅರ್ಹತೆ ಪರೀಕ್ಷಿಸುವ ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ತಂತ್ರಾಂಶದಿಂದ ಅನರ್ಹತೆಯ ನೋಟಿಸ್ ಪಡೆದವರಲ್ಲಿ ಹಲವರು ನಿಜಕ್ಕೂ ಅರ್ಹರೇ. ಗುಪ್ತಕೀಲಿಗಳನ್ನು ಕಾಯುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲ ಎನ್ನುತ್ತದೆ ನೋಟಿಸ್. ಅದು ಇದೆ, ವಿಂಡೋಸಿಗೂ ಮೊದಲು ಏಳುವ ಬಯಾಸ್ ಎಂಬ ಮೂಲ ತಂತ್ರಾಂಶದಲ್ಲಿ ಮಲಗಿದೆ, ಅಷ್ಟೇ. ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿ ಒಳಹೊಕ್ಕರೆ ಟಿಪಿಎಂ ಎಂಬ ಹೆಸರೇ ಕಾಣದೆ ಹೋಗಬಹುದು. ಇಂಟೆಲ್ ಅದನ್ನು ಪಿಟಿಟಿ ಎನ್ನುತ್ತದೆ, ಎಎಂಡಿ ಎಫ್‌ಟಿಪಿಎಂ ಎನ್ನುತ್ತದೆ. ಕೆಲವು ಬೋರ್ಡುಗಳಲ್ಲಿ ಸೆಕ್ಯುರಿಟಿ ಮೆನುವಿನಲ್ಲಿರುತ್ತದೆ. ಇಂಟೆಲ್ ಚಿಪ್ಪಿನ ಏಸುಸ್ ಬೋರ್ಡುಗಳಲ್ಲಿ ಅಡ್ವಾನ್ಸ್ಡ್‌ಗೆ ಹೋಗಿ, ಪಿಸಿಎಚ್-ಎಫ್‌ಡಬ್ಲ್ಯೂ ಕಾನ್ಫಿಗರೇಶನ್ ಎಂಬ, ಯಾರೂ ಯಾವತ್ತೂ ಒತ್ತದ ಸಾಲನ್ನು ಒತ್ತಬೇಕು. ಅಲ್ಲಿ ಎನೇಬಲ್ ಮಾಡಿದರೆ ಅನರ್ಹ ಯಂತ್ರ ಒಂದೇ ಕ್ಷಣದಲ್ಲಿ ಅರ್ಹ. ಇದಕ್ಕಾಗಿ ಹೊಸ ಲ್ಯಾಪ್‌ಟಾಪ್ ಕೊಂಡವರೂ ಇದ್ದಾರೆ.

ಆಮೇಲಿನದು ಸೆಕ್ಯೂರ್ ಬೂಟ್, ಕಂಪ್ಯೂಟರ್ ಶುರುವಾಗುವಾಗ ಸಹಿಯಿಲ್ಲದ ತಂತ್ರಾಂಶವನ್ನು ಒಳಬಿಡದ ಕಾವಲುಗಾರ. ಅದು ಆನ್ ಆಗಿರಬೇಕೆಂದೇನಿಲ್ಲ, ಆನ್ ಮಾಡಲು ಬರುವಂತಿದ್ದರೆ ಸಾಕು ಎನ್ನುತ್ತದೆ ನಿಯಮ. ಆದರೆ ಅದಕ್ಕೆ ಯುಇಎಫ್‌ಐ ಎಂಬ ಹೊಸ ವಿಧಾನದಲ್ಲಿ ಬೂಟ್ ಆಗಬೇಕು, ಅಂದರೆ ಹಳೆಯ ವಿಧಾನಕ್ಕೆ ಆಸರೆಯಾದ ಸಿಎಸ್‌ಎಂ ಅನ್ನು ಬಯಾಸಿನಲ್ಲಿ ಆಫ್ ಮಾಡಬೇಕು. ಉತ್ಸಾಹಿಗಳು ಹೋಗಿ ಆಫ್ ಮಾಡುತ್ತಾರೆ. ಕಪ್ಪು ಪರದೆ ಬರುತ್ತದೆ: ಬೂಟ್ ಮಾಡಲು ಡಿಸ್ಕೇ ಇಲ್ಲ! ಡಿಸ್ಕ್ ಎಲ್ಲಿಗೂ ಹೋಗಿಲ್ಲ. ಅದರ ಪಾಲುಪಟ್ಟಿ ಹಳೆಯ ಎಂಬಿಆರ್ ಪದ್ಧತಿಯದು, ಯುಇಎಫ್‌ಐಗೆ ಹೊಸ ಜಿಪಿಟಿ ಪದ್ಧತಿ ಬೇಕು, ಅಷ್ಟೇ. ಸಿಎಸ್‌ಎಂ ಮತ್ತೆ ಆನ್ ಮಾಡಿದರೆ ವಿಂಡೋಸ್ ಎದ್ದು ಕೂರುತ್ತದೆ. ಸರಿಯಾದ ಕ್ರಮ ಇದರ ತಿರುಗುಮುರುಗು: ಮೊದಲು ಬ್ಯಾಕಪ್, ಆಮೇಲೆ ವಿಂಡೋಸ್ 10ರೊಳಗಿನ ಎಂಬಿಆರ್-ಟು-ಜಿಪಿಟಿ ಕಮ್ಯಾಂಡಿನಲ್ಲಿ ವ್ಯಾಲಿಡೇಟ್, ಅದು ಒಪ್ಪಿದರೆ ಕನ್ವರ್ಟ್, ಕೊನೆಗೆ ಸಿಎಸ್‌ಎಂ ಆಫ್. ವ್ಯಾಲಿಡೇಟೇ ಫೇಲಾದರೆ ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದ ದಿನವನ್ನು ನೆನೆಸಿಕೊಳ್ಳಿ. ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಪಾಲು ಮಾಡಿ, ಜೊತೆಗೆ ಸಿಸ್ಟಮ್ ರಿಸರ್ವ್ಡ್ ಪಾಲೂ ಇದ್ದರೆ ಒಟ್ಟು ನಾಲ್ಕಾಯಿತು. ಈ ಕಮ್ಯಾಂಡ್ ಮೂರಕ್ಕಿಂತ ಹೆಚ್ಚು ಪಾಲುಗಳನ್ನು ಒಪ್ಪುವುದಿಲ್ಲ, ಲಾಜಿಕಲ್ ಪಾರ್ಟಿಶನ್ ಇದ್ದರಂತೂ ಮೂಸಿಯೂ ನೋಡುವುದಿಲ್ಲ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ಹಾಕಿದ್ದರೆ ಬಯಾಸ್ ಮುಟ್ಟುವ ಮೊದಲು ಅದನ್ನು ಸಸ್ಪೆಂಡ್ ಮಾಡಿ. ಇಲ್ಲದಿದ್ದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಇರುವುದು, ನೀವು ಮಾಡಿದ್ದೇ ನೆನಪಿಲ್ಲದ ಮೈಕ್ರೋಸಾಫ್ಟ್ ಖಾತೆಯಲ್ಲಿ.

ಪ್ರೊಸೆಸರೇ ಪಟ್ಟಿಯಲ್ಲಿಲ್ಲದವರ ಕಥೆ ಬೇರೆ. ಅನರ್ಹತೆಗೆ ಕರ್ನಾಟಕದ ಓದುಗರು ಹೆದರಬೇಕಾಗಿಲ್ಲ. 2019ರಲ್ಲಿ ಇಲ್ಲಿ ಹದಿನೇಳು ಶಾಸಕರು ಅನರ್ಹರಾದರು, ಅವರಲ್ಲಿ ಹಲವರು ಡಿಸೆಂಬರಿನ ಉಪಚುನಾವಣೆ ಗೆದ್ದು ಮಂತ್ರಿಗಳೂ ಆದರು. ಕಂಪ್ಯೂಟರಿಗೂ ಅಂಥದ್ದೇ ಉಪಚುನಾವಣೆ ಇದೆ. ವಿಂಡೋಸಿನ ಒಳಸೆಟ್ಟಿಂಗುಗಳ ಕಣಜವಾದ ರಿಜಿಸ್ಟ್ರಿಯಲ್ಲಿ, ಸಿಸ್ಟಮ್-ಸೆಟಪ್ ಕೆಳಗಿನ ಎಂಒಸೆಟಪ್ ಎಂಬಲ್ಲಿ, ‘ಅಲೋ ಅಪ್‌ಗ್ರೇಡ್ಸ್ ವಿತ್ ಅನ್‌ಸಪೋರ್ಟೆಡ್ ಟಿಪಿಎಂ ಆರ್ ಸಿಪಿಯು’ ಎಂದು ಉಸಿರುಗಟ್ಟುವ ಹೆಸರಿನ ಡಿವರ್ಡ್ (ಅಂಕಿ ತುಂಬುವ ನಮೂದು) ಒಂದನ್ನು ಮಾಡಿ 1 ಎಂದು ತುಂಬಬೇಕು. ಟಿಪಿಎಂ 1.2 ಆದರೂ ಇರಬೇಕು. ಈ ಅಡ್ಡದಾರಿಯನ್ನು ಹೇಳಿಕೊಟ್ಟಿದ್ದು ಯಾವುದೋ ಕಳ್ಳ ಹ್ಯಾಕರ್ ಅಲ್ಲ, ಮೈಕ್ರೋಸಾಫ್ಟಿನ ಸಹಾಯ ಪುಟವೇ. ಆಮೇಲೆ ಸದ್ದಿಲ್ಲದೆ ಅಳಿಸಿತು. ಹೀಗೆ ಗೆದ್ದು ಬಂದ ಯಂತ್ರಕ್ಕೆ ಅಪ್‌ಡೇಟ್ ಕೇಳುವ ಹಕ್ಕಿಲ್ಲ, ಆಗುವ ಹಾನಿಗೆ ತಯಾರಕರ ವಾರಂಟಿಯೂ ಇಲ್ಲ ಎಂದು ಎಚ್ಚರಿಕೆ ಬೇರೆ. ಎಂಟು ವರ್ಷದ ಪೆಟ್ಟಿಗೆಗೆ ವಾರಂಟಿ! ತಿಂಗಳ ಅಪ್‌ಡೇಟುಗಳು ಸಾಮಾನ್ಯವಾಗಿ ಬರುತ್ತಲೇ ಇರುತ್ತವೆ, ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿ ಮಾತ್ರ ತಾನಾಗಿ ಬರುವುದಿಲ್ಲ, ಪ್ರತಿಸಲ ಮತ್ತೆ ಚುನಾವಣೆ. ಕೋರ್ 2 ಡ್ಯುಯೋ ಕಾಲದವರಿಗೆ ಅದೂ ಇಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಬೇಕಾದ ಪ್ರೊಸೆಸರ್ ಸೂಚನೆಗಳು (ಇನ್‌ಸ್ಟ್ರಕ್ಷನ್) ಆ ಚಿಪ್ಪಿನಲ್ಲೇ ಇಲ್ಲದ್ದರಿಂದ ಬೂಟೇ ಆಗದು.

ಗೆದ್ದು ಒಳಬಂದವರಿಗೆ ಸಿಗುವುದೇನು? ಎಡಮೂಲೆಯ ಸ್ಟಾರ್ಟ್ ಬಟನ್ ನಡುವಿಗೆ ಬಂದಿರುತ್ತದೆ. ರೈಟ್ ಕ್ಲಿಕ್ ಮಾಡಿದರೆ ಅರ್ಧ ಮೆನು, ಮಿಕ್ಕರ್ಧಕ್ಕೆ ‘ಶೋ ಮೋರ್ ಆಪ್ಶನ್ಸ್’. ಡಿಸ್ಕ್ ಒರೆಸಿ ಹೊಸದಾಗಿ ಹಾಕಿದ ಕನ್ನಡಿಗರಿಗೆ ಇನ್ನೊಂದು ಉಡುಗೊರೆ ಕಾದಿದೆ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟ ಸಂಘದ ವರದಿ, ಮದುವೆ ಕರೆಯೋಲೆ, ಅರ್ಜಿ ಎಲ್ಲವೂ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ತೆರೆದುಕೊಳ್ಳುತ್ತವೆ. ಕಡತ ಕೆಟ್ಟಿಲ್ಲ, ಫಾಂಟ್ ಹೋಗಿದೆ. ಮೊದಲೇ ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ಪೆನ್‌ಡ್ರೈವಿಗೆ ಎತ್ತಿಟ್ಟುಕೊಳ್ಳಬೇಕಿತ್ತು. ವಿಂಡೋಸಿನ ಹಳೆಯ ಕನ್ನಡ ಫಾಂಟ್ ತುಂಗಾ ಬೇಕಾದವರು ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹುಡುಕಿ ಹಾಕಿಕೊಳ್ಳಬೇಕು. ಒರೆಸದೆ ಹಳೆಯದರ ಮೇಲೇ ಅಪ್‌ಗ್ರೇಡ್ ಮಾಡಿದವರಿಗೆ ಈ ಗೋಳಿಲ್ಲ. ಬೇಸರವಾದರೆ ಹತ್ತು ದಿನದೊಳಗೆ 10ಕ್ಕೆ ಮರಳುವ ಅವಕಾಶವೂ ಅವರಿಗಿದೆ.

ಇದೆಲ್ಲ ಬೇಡ, 10ರಲ್ಲೇ ಇರುತ್ತೇವೆ ಎನ್ನುವವರಿಗೆ 2026ರ ಅಕ್ಟೋಬರ್ 13ರ ತನಕ ಭದ್ರತಾ ಅಪ್‌ಡೇಟುಗಳ ವಿಸ್ತರಣೆ ಉಂಟು. 22ಎಚ್2 ಆವೃತ್ತಿ ಇರಬೇಕು, ದಾರಿ ಮೂರು. 30 ಡಾಲರ್ ಕೊಡುವುದು ಒಂದು. ಸೆಟ್ಟಿಂಗುಗಳನ್ನು ಮೈಕ್ರೋಸಾಫ್ಟಿನ ಆನ್‌ಲೈನ್ ಕಣಜವಾದ ಒನ್‌ಡ್ರೈವಿಗೆ ಬ್ಯಾಕಪ್ ಮಾಡಲು ಒಪ್ಪಿ ಬಿಟ್ಟಿಯಾಗಿ ಪಡೆಯುವುದು ಇನ್ನೊಂದು. ಅಲ್ಲಿ ಉಚಿತ ಜಾಗ 5 ಜಿಬಿ, ಜೊತೆಗೆ ಫೋಟೋಗಳೂ ಹೋದರೆ ಅದು ತುಂಬಿ ‘ಜಾಗ ಕೊಳ್ಳಿ’ ಎಂಬ ಕರೆ ಬರಲು ತಡವಾಗದು. ಯುರೋಪಿನ ಹಲವು ದೇಶಗಳವರಿಗೆ ಬ್ಯಾಕಪ್ಪಿನ ಷರತ್ತೂ ಇಲ್ಲ, ಅಲ್ಲಿ ಗ್ರಾಹಕ ಸಂಘಟನೆಗಳು ಸುಮ್ಮನೆ ಕೂರುವುದಿಲ್ಲ. ಮೂರನೆಯದು ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ 1000 ಅಂಕ ಕೂಡಿಸುವುದು. ಬಿಂಗ್‌ನಲ್ಲಿ ದಿನವೂ ಏನನ್ನಾದರೂ ಹುಡುಕಿದರೆ ಅಂಕ ಬೀಳುತ್ತದೆ. ಏನು ಹುಡುಕಿದಿರಿ ಎಂದು ಅದು ತಕರಾರು ತೆಗೆಯುವುದಿಲ್ಲ: ‘ಹಳೇ ಕಂಪ್ಯೂಟರಿಗೆ ವಿಂಡೋಸ್ ಬಿಟ್ಟು ಲಿನಕ್ಸ್ ಮಿಂಟ್ ಹಾಕುವುದು ಹೇಗೆ’ ಎಂದು ಕೇಳಿದರೂ ಸಲ್ಲುತ್ತದೆ.