ಇಂಡಾಫ್ ರಾಗಿ ಮತ್ತು ಚಿಕ್ಕಪ್ಪನ ಆಲೆಮನೆ

ಹೋದ ವಾರ ಪಾಂಡವಪುರದ ಹತ್ತಿರ ಚಿಕ್ಕಪ್ಪನ ಆಲೆಮನೆಗೆ ಹೋಗಿದ್ದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಅಚ್ಚು ಬೆಲ್ಲದ ಜೊತೆಗೆ ಪುಡಿ ಬೆಲ್ಲವನ್ನೂ ಮಾಡಬೇಕು ಅಂತ ಅವರು ಎರಡು ವರ್ಷದಿಂದ ಓಡಾಡುತ್ತಿದ್ದಾರೆ. ಮಾಡುವ ವಿಧಾನ ಕಲಿತಿದ್ದಾರೆ, ಜಾಗ ಇದೆ. ಸಾಲ ಕೇಳಿದರೆ, ಕೊಡುವವರು ಮೂರು ವರ್ಷದ ಲೆಕ್ಕ ತನ್ನಿ ಅಂದರಂತೆ. ಶುರುವೇ ಆಗದ ಕೆಲಸಕ್ಕೆ ಲೆಕ್ಕ ಎಲ್ಲಿಂದ ತರೋದು?

ವಿಜ್ಞಾನಿಗಳು ಕಂಡುಹಿಡಿದದ್ದು ನಮ್ಮ ಸಂಪಾದನೆಗೆ ದಾರಿಯಾಗಬೇಕಾದರೆ ನಡುವೆ ಇಂಥ ಹತ್ತು ಬಾಗಿಲು ದಾಟಬೇಕು. ನಾವು ಎಡವುತ್ತಿರೋದು ಅಲ್ಲೇ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಅಡ್ಡತಳಿ ಮಾಡಿದರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್ ಸೇರಿ ಇಂಡಾಫ್ ಆಯಿತು. ಇಳುವರಿ ಜಾಸ್ತಿ ಬಂತು. ಜನ ಅವರನ್ನು ರಾಗಿ ಬ್ರಹ್ಮ ಅಂದರು. ಆದರೆ ಆ ಬೀಜ ಫಾರಂನ ತಾಕಿನಲ್ಲೇ ಉಳಿದಿದ್ದರೆ? ನಮ್ಮ ತಾತ ಹೇಳುತ್ತಿದ್ದರು, ಗ್ರಾಮಸೇವಕರು ಸೈಕಲ್ ಮೇಲೆ ಹೊಲಕ್ಕೇ ಬಂದು, ಒಂದು ಮಡಿಯಲ್ಲಿ ಹಾಕಿ ನೋಡಿ ಯಜಮಾನ್ರೇ ಅಂದಿದ್ದರಂತೆ. ಪಕ್ಕದ ಹೊಲದ ತೆನೆ ನೋಡಿ ಮುಂದಿನ ವರ್ಷ ಊರೇ ಬೀಜ ಕೇಳಿತಂತೆ.

ಓಟಿನ ಶಾಯಿಯದೂ ಇದೇ ಕಥೆ. ಸೂತ್ರ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದು. ತಯಾರಿಸುವವರು ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆಯವರು. 1962ರ ಚುನಾವಣೆಯಿಂದ ಇವತ್ತಿನವರೆಗೂ ನಡೆದಿದೆ, ಹೊರದೇಶಗಳಿಗೂ ಹೋಗುತ್ತದೆ. ಸೂತ್ರ ಕೊಡುವವರು, ತಯಾರಿಸುವವರು, ಖಾತ್ರಿಯಾಗಿ ಕೊಳ್ಳುವವರು ಒಟ್ಟಿಗೆ ಸಿಕ್ಕಿದ್ದರಿಂದಲೇ ಅಲ್ವಾ ಇದು ಆಗಿದ್ದು?

ಸಂಶೋಧನೆಗೆ ನಾವು ಜಿಡಿಪಿಯ ಶೇ. 1ರಷ್ಟೂ ಖರ್ಚು ಮಾಡುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ಅದು ಶೇ. 4 ದಾಟಿದೆ, ಅದರಲ್ಲಿ ಹೆಚ್ಚಿನ ಪಾಲು ಕಂಪನಿಗಳದ್ದೇ. ಮಾರುವವರೇ ದುಡ್ಡು ಹಾಕಿದಾಗ, ಕಂಡುಹಿಡಿದದ್ದು ಸುಮ್ನೆ ಕಪಾಟಿನಲ್ಲಿ ಕೂರುವುದು ಕಡಿಮೆ. ಆದರೆ ಆಲೆಮನೆ ನಡೆಸುವವರಿಗೆ ಅಷ್ಟು ದೊಡ್ಡ ಗಂಟು ಎಲ್ಲಿದೆ? ಅವರ ಮೊದಲ ಎರಡು ಮೂರು ವರ್ಷದ ನಷ್ಟಕ್ಕೆ ಸರ್ಕಾರ ಹೆಗಲು ಕೊಡಬೇಕು. ಪ್ರಯೋಗಾಲಯ ಕಟ್ಟುವಷ್ಟೇ ಮುಖ್ಯವಾದ ಕೆಲಸ ಅದು.

ಚಿಕ್ಕಪ್ಪನ ಹೊಸ ಅರ್ಜಿಯನ್ನು ಈ ಸಲ ನಾನೇ ಬರೆದುಕೊಟ್ಟಿದ್ದೇನೆ. ಮದ್ದೂರು, ಶ್ರೀರಂಗಪಟ್ಟಣದ ಕಡೆ ಯಾರಾದರೂ ಪುಡಿ ಬೆಲ್ಲಕ್ಕೆ ಸಾಲ ಪಡೆದಿದ್ದರೆ, ಯಾವ ಕಾಗದ ಕೊಟ್ಟಿರಿ ಅಂತ ದಯವಿಟ್ಟು ತಿಳಿಸಿ.