ತೇರ್ಸ್ ಮುಗಿದ ಮೇಲೆ ಟಿವಿಯಲ್ಲಿ ಏನು ನೋಡೋದು?

ಕಾರವಾರದ ನಮ್ಮಂಥ ಕ್ರೈಸ್ತರ ಮನೆಗಳಲ್ಲಿ ಸಂಜೆ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಮುಗಿಯುತ್ತಿದ್ದ ಹಾಗೆ ಟಿವಿ ಶುರು. ಅತ್ತೆ, ಮಕ್ಕಳು, ನಾವು ಎಲ್ಲರೂ ಒಂದೇ ಕೋಣೆಯಲ್ಲಿ. ಎಲ್ಲರೂ ಕೂತು ನೋಡುವಂಥದ್ದು ಏನಾದರೂ ಇದ್ದರೆ ಹೇಳು ಅಂತ ಚರ್ಚಿನ ಗೆಳತಿಯರು ಕೇಳುತ್ತಲೇ ಇರುತ್ತಾರೆ.

ಮುತ್ತಿನ ದೃಶ್ಯ ಇಲ್ಲ, ಬೈಗುಳ ಇಲ್ಲ ಅಂದ ಮಾತ್ರಕ್ಕೆ ಅದು ಒಳ್ಳೆಯ ಕಾರ್ಯಕ್ರಮ ಅಂತ ನಾನು ಒಪ್ಪುವುದಿಲ್ಲ. ಧಾರಾವಾಹಿಗಳಲ್ಲಿ ರೇಷ್ಮೆ ಸೀರೆ ಉಟ್ಟ ಅತ್ತೆ ಸೊಸೆಯ ಹಾಲಿಗೆ ಏನೋ ಬೆರೆಸುತ್ತಾಳೆ, ಆ ಸಂಚು ತಿಂಗಳುಗಟ್ಟಲೆ ಎಳೆಯುತ್ತದೆ, ಮಕ್ಕಳು ಅದನ್ನು ನೋಡುತ್ತಲೇ ಊಟ ಮಾಡುತ್ತಾರೆ. 2021ರ ನಿಯಮದ ಪ್ರಕಾರ ಓಟಿಟಿಯಲ್ಲಿ 7+, 13+, 16+ ಅಂತ ಗುರುತು ಹಾಕುತ್ತಾರೆ, ಅದು ಬೇಕೇ ಬೇಕು. ಆದರೆ ಹೊಟ್ಟೆಕಿಚ್ಚಿಗೆ, ಸೇಡಿಗೆ ಯಾವ ಗುರುತೂ ಇಲ್ಲ. ಅದನ್ನು ನಾವೇ ಕೂತು ನೋಡಬೇಕು.

ನಾನು ನೋಡುವುದು ಇಷ್ಟೇ. ತಪ್ಪು ಮಾಡಿದವನನ್ನು, ಬಡವನನ್ನು, ಬೇರೆಯವರನ್ನು ಆ ಕಥೆ ಹೇಗೆ ನಡೆಸಿಕೊಳ್ಳುತ್ತದೆ?

ಯೇಸುವಿನ ಜೀವನದ ಧಾರಾವಾಹಿ 'ದಿ ಚೋಸನ್' ಅದಕ್ಕೇ ಇಷ್ಟ. 2019ರಲ್ಲಿ ಶುರುವಾದದ್ದು, ಜನರೇ ದುಡ್ಡು ಹಾಕಿ ಮಾಡಿಸಿದ್ದು, ಅವರದೇ ಆ್ಯಪ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಯೇಸು ಅದರಲ್ಲಿ ನಗುತ್ತಾರೆ, ತಮಾಷೆ ಮಾಡುತ್ತಾರೆ. ಸುಂಕ ವಸೂಲಿ ಮಾಡುವ ಮತ್ತಾಯನನ್ನು ಯೇಸು ಶಿಷ್ಯನಾಗಲು ಕರೆದಾಗ ಇನ್ನೊಬ್ಬ ಶಿಷ್ಯ ಸೀಮೋನನಿಗೆ ತಡೆಯಲಾಗದ ಸಿಟ್ಟು. ನಮ್ಮ ಊರಲ್ಲೂ ಹಾಗೇ ಅಲ್ವಾ, ಇಂಥವನು ಚರ್ಚಿಗೆ ಯಾಕೆ ಬಂದ ಅಂತ ಮುಖ ಸಿಂಡರಿಸುವವರು ಇದ್ದಾರೆ. ಬೈಬಲ್‌ನಲ್ಲಿ ಇಲ್ಲದ ಸಂಗತಿಗಳನ್ನೂ ಸೇರಿಸಿದ್ದಾರೆ, ಅದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಆದರೆ ನಮ್ಮ ಧರ್ಮದ್ದೇ ಆಗಬೇಕು ಅಂತೇನಿಲ್ಲ. ಮಕ್ಕಳಿಗೆ ನಾನು ಮೊದಲು ಹಾಕಿಕೊಡುವುದು 'ಮಾಲ್ಗುಡಿ ಡೇಸ್'. ನಮ್ಮ ಹೊನ್ನಾವರದ ಕಡೆಯ ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದದ್ದು, ದೂರದರ್ಶನದಲ್ಲಿ ಬಂದದ್ದು 1980ರ ದಶಕದಲ್ಲಿ. ಒಂದು ಮಾತು ಇಲ್ಲಿ ಹೇಳಲೇಬೇಕು. ಅದರಲ್ಲಿ ಬರುವ, ಆರ್.ಕೆ. ನಾರಾಯಣರ ಕಥೆಯ ಹುಡುಗ ಸ್ವಾಮಿ ಓದುವುದು ಮಿಷನ್ ಶಾಲೆಯಲ್ಲಿ. ಅಲ್ಲಿ ಬೈಬಲ್ ಪಾಠ ಮಾಡುವ ಎಬನೇಜರ್ ಮೇಷ್ಟ್ರು ಕೃಷ್ಣನನ್ನು ಹೀಯಾಳಿಸುತ್ತಾರೆ, ಎದುರು ಮಾತಾಡಿದ ಸ್ವಾಮಿಯ ಕಿವಿ ಹಿಂಡುತ್ತಾರೆ, ಅಪ್ಪ ಹೆಡ್‌ಮಾಸ್ಟರಿಗೆ ಪತ್ರ ಬರೆಯುತ್ತಾನೆ. ಕ್ರೈಸ್ತರಿಗೆ ಅದು ಚುಚ್ಚುತ್ತದೆ. ಚುಚ್ಚಲಿ. ನಮ್ಮ ಮಕ್ಕಳು ಹಿಂದೂ, ಮುಸ್ಲಿಂ ಮಕ್ಕಳ ಪಕ್ಕದ ಬೆಂಚಿನಲ್ಲೇ ಕೂರುವವರು. ಗೆಳೆಯನ ದೇವರನ್ನು ಯಾರಾದರೂ ಹೀಗಳೆದರೆ ಅವನಿಗೆ ಎಷ್ಟು ನೋವಾಗುತ್ತದೆ ಅಂತ ಸ್ವಾಮಿಯಿಂದ ಗೊತ್ತಾಗುತ್ತದೆ. ಇಷ್ಟು ಚೆನ್ನಾಗಿ ಇದನ್ನು ನಾನು ಬಾಯಲ್ಲಿ ಹೇಳಲಾರೆ. ಇಂಥ ಕಥೆ ನೋಡಿದರೆ ನಂಬಿಕೆ ಕೆಡುತ್ತದೆ ಅನ್ನುವವರ ಮಾತು ನನಗೆ ಸರಿ ಕಾಣುವುದಿಲ್ಲ.

ಇನ್ನು ದೊಡ್ಡವರಿಗೆ ಬಿಬಿಸಿಯ 'ಕಾಲ್ ದಿ ಮಿಡ್‌ವೈಫ್'. 1950ರ ದಶಕದಲ್ಲಿ ಶುರುವಾಗುವ, ಲಂಡನ್ನಿನ ಬಡ ಕೇರಿಯಲ್ಲಿ ಹೆರಿಗೆ ಮಾಡಿಸುವ ನರ್ಸ್‌ಗಳು ಮತ್ತು ಕ್ರೈಸ್ತ ಸನ್ಯಾಸಿನಿ ಸಿಸ್ಟರ್‌ಗಳ ಕಥೆ. ಬಾಣಂತಿಯ ಬಟ್ಟೆ ಒಗೆಯುವುದು, ನೀರು ಕಾಯಿಸುವುದು, ಅವರ ಭಕ್ತಿ ಎಲ್ಲ ಅಂಥ ಕೆಲಸದಲ್ಲೇ ಕಾಣುತ್ತದೆ. ಹೆರಿಗೆಯ ದೃಶ್ಯಗಳು ಮಾತ್ರ ಜಾಸ್ತಿ ಇವೆ, ಕೂಗಾಟ ಕೇಳಿದರೆ ಸಣ್ಣ ಮಕ್ಕಳು ಹೆದರುತ್ತಾರೆ. ಅವರು ಮಲಗಿದ ಮೇಲೆ ಹಾಕಿ.