ಸ್ಪಷ್ಟನೆ: ಚಳಿ ಕಡಿಮೆ ಇದ್ದರೆ ಸೌದೆ ಸ್ಟವ್‌ನ ಗಾಳಿ ಕಟ್ಟಬೇಕಿಲ್ಲ

"ಚಳಿ ಜಾಸ್ತಿ ಇಲ್ಲದ ದಿನ ಸ್ಟವ್ ತುಂಬ ಸೌದೆ ಹಾಕಿ, ಗಾಳಿ ಕಿಂಡಿ ಮುಚ್ಚಿ, ರಾತ್ರಿಯಿಡೀ ಹೊಗೆಯಾಡಲು ಬಿಡಿ" ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು. ಅಪಾಯ ಕೂಡ.

ಚಿಮಣಿ ಹೊಗೆ ಎಳೆಯುವುದು ಒಳಗಿನ ಬಿಸಿಗೂ ಹೊರಗಿನ ತಂಪಿಗೂ ಇರುವ ವ್ಯತ್ಯಾಸದಿಂದ. ಹೊರಗೆ ಬೆಚ್ಚಗಿದ್ದರೆ ಆ ಎಳೆತ ಕುಗ್ಗುತ್ತದೆ. ಗಾಳಿಯನ್ನೂ ಕಟ್ಟಿದರೆ ಸೌದೆ ಪೂರ್ತಿ ಉರಿಯುವುದಿಲ್ಲ. ಚಿಮಣಿಯೊಳಗೆ ಕ್ರಿಯೋಸೋಟ್ ಎಂಬ ಟಾರಿನಂಥ ಜಿಡ್ಡು ಕಟ್ಟುತ್ತದೆ. ಮುಂದೆ ಅದಕ್ಕೇ ಬೆಂಕಿ ಹತ್ತಬಹುದು. ಹೊಗೆ ಮನೆಯೊಳಗೆ ತಿರುಗಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದ ಭಯ ಬೇರೆ. ಅದಕ್ಕೆ ವಾಸನೆಯೂ ಇಲ್ಲ ಅಲ್ವಾ?

ಸಣ್ಣಗೆ ಸೀಳಿದ, ತೇವಾಂಶ 20%ಗಿಂತ ಕಡಿಮೆ ಇರುವ ಸೌದೆ ಸ್ವಲ್ಪವೇ ಹಾಕಿ. ಚೆನ್ನಾಗಿ ಉರಿಸಿ, ತಾನಾಗಿ ಆರಲು ಬಿಡಿ. ಮತ್ತೆ ಚಳಿ ಎನಿಸಿದರೆ ಹೊಸದಾಗಿ ಹಚ್ಚಿ. ರಗಳೆ ಅನಿಸಬಹುದು, ನಿಜ. ನಡುವೆ ಒಮ್ಮೆ ಹೊರಗೆ ಹೋಗಿ ಚಿಮಣಿ ನೋಡಿ. ದಟ್ಟ ಹೊಗೆ ಕಂಡರೆ ಗಾಳಿ ಹೆಚ್ಚಿಸಿ.